ಬಾಡಿಗೆ ಬಾಕಿ ಬಿದ್ದು ‘ಮನೆ ಖಾಲಿ ಮಾಡಿ’ ಎಂದರೆ ಏನು ಮಾಡಬೇಕು? ತುಮಕೂರಿನ ಬಾಡಿಗೆದಾರರಿಗೆ ಹಂತ ಹಂತದ ಸಮಗ್ರ ಮಾರ್ಗದರ್ಶಿ

ಶಿರಾ ಗೇಟ್ ಇರಲಿ, ಕ್ಯಾತ್ಸಂದ್ರ ಇರಲಿ, ವಸಂತನರಸಾಪುರದ ಫ್ಯಾಕ್ಟರಿ ಕಡೆಯ ಸಾಲುಮನೆ ಇರಲಿ, ಒಂದೇ ತಪ್ಪು ಮತ್ತೆ ಮತ್ತೆ ಆಗುತ್ತಿದೆ. ಎರಡು ಮೂರು ತಿಂಗಳ ಬಾಡಿಗೆ ನಿಂತಿರುತ್ತದೆ. ಮಾಲೀಕರು ಬಾಗಿಲಿಗೆ ಬಂದು ‘ಭಾನುವಾರದೊಳಗೆ ಖಾಲಿ ಮಾಡಿ’ ಎನ್ನುತ್ತಾರೆ. ಮನೆಯವರು ಒಂದೋ ಮೀಟರ್ ಬಡ್ಡಿಗೆ ಸಾಲ ತರುತ್ತಾರೆ, ಇಲ್ಲಾ ಫೋನ್ ಆಫ್ ಮಾಡಿ ಕೂರುತ್ತಾರೆ. ಎರಡರಿಂದಲೂ ಮನೆ ಉಳಿಯುವುದಿಲ್ಲ.

ಮೊದಲು ಕಾಗದ, ಆಮೇಲೆ ಮಾತು, ಆಮೇಲೆ ಹಣ. ಈ ಕ್ರಮ ತಪ್ಪಿದರೆ ಕೊಟ್ಟ ದುಡ್ಡಿಗೂ ಲೆಕ್ಕ ಸಿಗುವುದಿಲ್ಲ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಖಾಸಗಿ ಮನೆಯ ಬಾಡಿಗೆ ಬಾಕಿ ತೀರಿಸಲೆಂದೇ ದುಡ್ಡು ಕೊಡುವ ಸರ್ಕಾರಿ ಯೋಜನೆ ನಮ್ಮಲ್ಲಿ ಇಲ್ಲ. ‘ತುರ್ತು ಬಾಡಿಗೆ ನೆರವು’ ಅಂತ ಗೂಗಲ್‌ನಲ್ಲಿ ಹುಡುಕಿದರೆ ಸಿಗುವ ಅರ್ಜಿಗಳು ಬಹುಪಾಲು ಅಮೆರಿಕದವು. ವಾಟ್ಸಾಪ್‌ನಲ್ಲಿ ಬರುವ ‘ಬಾಡಿಗೆ ಸಹಾಯಧನ’ದ ಲಿಂಕ್ ಮೋಸದ್ದು. ಆಧಾರ್ ನಂಬರ್, ಓಟಿಪಿ ಕೊಟ್ಟು ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ನಮ್ಮಲ್ಲಿ ಇರುವ ನೆರವು ಬೇರೆ ಬೇರೆ ಕಡೆ ಹಂಚಿಹೋಗಿದೆ. ಅದನ್ನು ಒಟ್ಟುಗೂಡಿಸಿಕೊಳ್ಳುವುದೇ ಇಲ್ಲಿಯ ಕೆಲಸ.

## ಶುರು ಮಾಡುವ ಮೊದಲು ಕೈಯಲ್ಲಿ ಇರಬೇಕಾದ್ದು

ಒಂದು ಪ್ಲಾಸ್ಟಿಕ್ ಫೈಲ್ ತಗೊಳ್ಳಿ. ಬಾಡಿಗೆ ಕರಾರು ಪತ್ರ, ಅಡ್ವಾನ್ಸ್ ಕೊಟ್ಟ ರಸೀದಿ, ಫೋನ್‌ಪೇ ಅಥವಾ ಬ್ಯಾಂಕ್‌ನ ಪಾವತಿ ಪಟ್ಟಿ, ಆಧಾರ್, ರೇಷನ್ ಕಾರ್ಡ್, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಇತ್ತೀಚಿನ ಕರೆಂಟ್ ಬಿಲ್. ಎಲ್ಲದರ ಎರಡೆರಡು ಜೆರಾಕ್ಸ್ ಇರಲಿ.

ಆದಾಯ ಪ್ರಮಾಣಪತ್ರ ಇಲ್ಲದಿದ್ದರೆ ನಾಡಕಚೇರಿಯಲ್ಲಿ ಇವತ್ತೇ ಅರ್ಜಿ ಹಾಕಿ. ಅದು ಕೈಗೆ ಬರಲು ದಿನ ಹಿಡಿಯುತ್ತದೆ, ಬೇಕಾಗುವುದು ಮಾತ್ರ ತುರ್ತಿನಲ್ಲಿ.

ಕರಾರು ಪತ್ರವೇ ಇಲ್ಲ ಅನ್ನುವವರು ಜಾಸ್ತಿ ಜನ ಇದ್ದಾರೆ. ಹಾಗಂತ ಹಕ್ಕೇ ಇಲ್ಲ ಅಂದುಕೊಳ್ಳಬೇಡಿ. ತಿಂಗಳು ತಿಂಗಳು ಬಾಡಿಗೆ ಕೊಟ್ಟಿದ್ದಕ್ಕೆ ಗುರುತು ಇದ್ದರೆ ನೀವು ಬಾಡಿಗೆದಾರರೇ. ಮಾಲೀಕರ ವಾಟ್ಸಾಪ್ ಮೆಸೇಜ್, ಯುಪಿಐ ಪಾವತಿ, ಆ ವಿಳಾಸಕ್ಕೆ ಬಂದ ಅಂಚೆ, ಗ್ಯಾಸ್ ಪುಸ್ತಕ ಎಲ್ಲವೂ ಸಾಕ್ಷಿಯಾಗುತ್ತವೆ. ಮೆಸೇಜ್‌ಗಳ ಸ್ಕ್ರೀನ್‌ಶಾಟ್ ತೆಗೆದು ಮನೆಯ ಇನ್ನೊಬ್ಬರ ಫೋನಿಗೂ ಕಳಿಸಿ. ಜಗಳದ ಮಧ್ಯೆ ಫೋನ್ ಒಡೆದುಹೋಗುವುದೂ ಉಂಟು.

## ಹಂತ 1: ಬಂದಿರುವುದು ಬಾಯಿಮಾತೋ, ನೋಟಿಸೋ, ಸಮನ್ಸೋ ನೋಡಿ

ಮೂರನ್ನೂ ಒಂದೇ ಅಂದುಕೊಂಡು ಗಾಬರಿ ಬೀಳುವುದೇ ಮೊದಲ ಎಡವಟ್ಟು.

ಬಾಯಿಮಾತು. ಮಾಲೀಕರು ಕೂಗಾಡಿದ ಮಾತ್ರಕ್ಕೆ ಮನೆ ಖಾಲಿ ಮಾಡಬೇಕಾಗಿಲ್ಲ. ಆದರೆ ಸುಮ್ನೆ ಬಿಡುವ ಹಾಗೂ ಇಲ್ಲ. ಮಾತುಕತೆಗೆ ಇದೇ ಒಳ್ಳೆಯ ಸಮಯ.

ವಕೀಲರ ನೋಟಿಸ್. ಇದು ಕೋರ್ಟ್ ಆದೇಶ ಅಲ್ಲ. ಆದರೆ ಇಲ್ಲಿಂದ ದಿನಗಳ ಲೆಕ್ಕ ಶುರುವಾಗುತ್ತದೆ. ಕವರ್ ಬಂದ ತಾರೀಖನ್ನು ಅದರ ಮೇಲೇ ಬರೆದಿಡಿ, ಕವರ್ ಬಿಸಾಡಬೇಡಿ.

ನಿಮ್ಮ ಮನೆಗೆ ಯಾವ ಕಾನೂನು ಅನ್ವಯಿಸುತ್ತದೆ ಅನ್ನುವುದು ಬಾಡಿಗೆಯ ಮೊತ್ತದ ಮೇಲೆ ನಿಂತಿದೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಕಡಿಮೆ ಬಾಡಿಗೆಯ ಮನೆಗಳಿಗೆ ಮಾತ್ರ. ಊರಿನ ದರ್ಜೆ ನೋಡಿಕೊಂಡು ತಿಂಗಳಿಗೆ 3,500 ಅಥವಾ 2,000 ರೂಪಾಯಿ ದಾಟಿದ ಮನೆಗಳು ಅದರಿಂದ ಹೊರಗೆ. ಆ ಕಾಯ್ದೆಯೊಳಗೆ ಬರುವ ಮನೆಯಾದರೆ, ಬಾಕಿ ಕೇಳಿ ನೋಟಿಸ್ ಕೊಟ್ಟ ಮೇಲೆ ತೀರಿಸಲು ಎರಡು ತಿಂಗಳು ಸಿಗುತ್ತದೆ. ಅಷ್ಟರೊಳಗೆ ಪೂರ್ತಿ ಕಟ್ಟಿದರೆ ಬಾಕಿ ಅನ್ನುವ ಕಾರಣ ಬಿದ್ದುಹೋಗುತ್ತದೆ.

ಈಗ ಊರಲ್ಲಿ ಒಂದು ಕೋಣೆಯ ಮನೆಯೂ ಆ ಮಿತಿ ದಾಟಿರುತ್ತದೆ, ಅಲ್ವಾ? ಹಾಗಿದ್ದರೆ 1882ರ ಆಸ್ತಿ ವರ್ಗಾವಣೆ ಕಾಯ್ದೆ ಅನ್ವಯಿಸುತ್ತದೆ. ಕರಾರಿನಲ್ಲಿ ಬೇರೆ ಮಾತು ಇಲ್ಲದಿದ್ದರೆ, ತಿಂಗಳ ಬಾಡಿಗೆಯ ಮನೆಗೆ 15 ದಿನದ ನೋಟಿಸ್ ಸಾಕು. ಆ 15 ದಿನ ಮುಗಿದ ಮೇಲೂ ಮಾಲೀಕರು ಕೋರ್ಟಿಗೆ ಹೋಗಲೇಬೇಕು. ಹದಿನಾರನೇ ದಿನ ಬೀಗ ಹಾಕುವ ಅಧಿಕಾರ ಅವರಿಗೆ ಬರುವುದಿಲ್ಲ.

ಕೋರ್ಟ್ ಸಮನ್ಸ್. ನ್ಯಾಯಾಲಯದ ಮುದ್ರೆ, ಕೇಸ್ ನಂಬರ್, ಹಾಜರಾಗುವ ತಾರೀಖು ಮೂರೂ ಇರುತ್ತವೆ. ಇದು ಬಂದಿದ್ದರೆ ನೇರವಾಗಿ ಹಂತ 5ಕ್ಕೆ ಹೋಗಿ. ಉಳಿದದ್ದು ಆಮೇಲೆ ಓದಿದರೂ ನಡೆಯುತ್ತದೆ.

ಎಚ್ಚರಿಕೆ: ಅಂಚೆಯವರು ತಂದ ನೋಟಿಸನ್ನು ‘ಬೇಡ’ ಅಂತ ವಾಪಸ್ ಕಳಿಸಬೇಡಿ. ಕವರಿನ ಮೇಲೆ ‘ತೆಗೆದುಕೊಳ್ಳಲು ನಿರಾಕರಿಸಿದರು’ ಅಂತ ಷರಾ ಬೀಳುತ್ತದೆ. ಸರಿಯಾದ ವಿಳಾಸಕ್ಕೆ ಬಂದ ಕವರ್ ಹೀಗೆ ತಿರುಗಿಹೋದರೆ ಕೋರ್ಟು ಅದನ್ನು ನಿಮಗೆ ತಲುಪಿದ ಹಾಗೆಯೇ ಲೆಕ್ಕ ಹಿಡಿಯುತ್ತದೆ. ಒಳಗೆ ಏನಿತ್ತು ಅಂತ ನಿಮಗೆ ಮಾತ್ರ ಗೊತ್ತಿರುವುದಿಲ್ಲ.

## ಹಂತ 2: ಬಾಕಿಯ ಲೆಕ್ಕ ಒಂದು ಹಾಳೆಯಲ್ಲಿ ಬರೆಯಿರಿ

ಯಾವ ತಿಂಗಳು, ಎಷ್ಟು ಕೊಡಬೇಕಿತ್ತು, ಎಷ್ಟು ಕೊಟ್ಟಿರಿ, ಹೇಗೆ ಕೊಟ್ಟಿರಿ. ಇಷ್ಟೇ. ನೀರು, ಕರೆಂಟ್ ಹಣವನ್ನು ಬೇರೆ ಸಾಲಿನಲ್ಲಿ ಬರೆಯಿರಿ, ಬಾಡಿಗೆಯ ಜೊತೆ ಕಲಸಬೇಡಿ.

ಈ ಲೆಕ್ಕ ಬರೆದಾಗ ಎಷ್ಟೋ ಕಡೆ ಬಾಕಿಯೇ ಕಡಿಮೆಯಾಗುತ್ತದೆ. ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ ಬರುತ್ತಿದ್ದರೂ ಸಬ್‌ಮೀಟರ್ ಹೆಸರಲ್ಲಿ ಕರೆಂಟ್ ದುಡ್ಡು ವಸೂಲಿ ಆಗಿರುತ್ತದೆ. ಮೀಟರಿನ ಆರ್‌ಆರ್ ನಂಬರ್ (ಕರೆಂಟ್ ಸಂಪರ್ಕದ ಸಂಖ್ಯೆ) ನೋಡಿ ಬೆಸ್ಕಾಂ ಬಿಲ್ ಕೇಳಿ. ಅನುಮಾನ ಇದ್ದರೆ 1912ಕ್ಕೆ ಫೋನ್ ಮಾಡಿ ವಿಚಾರಿಸಿ. ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗುತ್ತದೆ. ಇನ್ನೂ ಜೋಡಿಸಿಕೊಂಡಿಲ್ಲದಿದ್ದರೆ ಸೇವಾಸಿಂಧುವಿನಲ್ಲಿ ಅರ್ಜಿ ಹಾಕಿ.

ಅಡ್ವಾನ್ಸ್ ಎಷ್ಟಿದೆ ಅನ್ನುವುದನ್ನು ಕೊನೆಯ ಸಾಲಿನಲ್ಲಿ ಬರೆಯಿರಿ. ಮಾತುಕತೆಯಲ್ಲಿ ನಿಮಗಿರುವ ದೊಡ್ಡ ಬಲ ಅದೇ. ಆದರೆ ‘ಅಡ್ವಾನ್ಸ್‌ನಲ್ಲೇ ಮುರ್ಕೊಳ್ಳಿ’ ಅಂತ ನೀವಾಗಿಯೇ ಬಾಡಿಗೆ ನಿಲ್ಲಿಸಬೇಡಿ. ಮಾಲೀಕರು ಒಪ್ಪಿ ಸಹಿ ಹಾಕುವವರೆಗೆ ಅದು ಬಾಕಿಯೇ.

## ಹಂತ 3: ಮಾಲೀಕರ ಜೊತೆ ಮಾತಾಡಿ, ಆದರೆ ಬರವಣಿಗೆಯಲ್ಲಿ ಮುಗಿಸಿ

ಇಲ್ಲಿ ಹೆಚ್ಚು ಹೊತ್ತು ನಿಲ್ಲಬೇಕು, ಯಾಕೆಂದರೆ ಜಾಸ್ತಿ ಮನೆ ಉಳಿಯುವುದೂ ಇಲ್ಲೇ, ಕೈತಪ್ಪುವುದೂ ಇಲ್ಲೇ. ಮಾಲೀಕರೆಲ್ಲ ದೊಡ್ಡ ಶ್ರೀಮಂತರೂ ಅಲ್ಲ. ಎಷ್ಟೋ ಜನಕ್ಕೆ ಆ ಎರಡು ಕೋಣೆಯ ಬಾಡಿಗೆಯಲ್ಲೇ ಬ್ಯಾಂಕಿನ ಕಂತು ಹೋಗಬೇಕು. ಅವರಿಗೆ ಬೇಕಾಗಿರುವುದು ಕಥೆ ಅಲ್ಲ, ತಾರೀಖು.

ಖಾಲಿ ಕೈಯಲ್ಲಿ ಹೋಗಬೇಡಿ. ಒಂದು ತಿಂಗಳ ಬಾಡಿಗೆಯ ಅರ್ಧವಾದರೂ ಯುಪಿಐಯಲ್ಲಿ ಹಾಕಿ, ಆಮೇಲೆ ಮಾತಿಗೆ ಕೂರಿ. ಉದಾಹರಣೆಗೆ ಬಾಡಿಗೆ 6,000, ಮೂರು ತಿಂಗಳ ಬಾಕಿ 18,000, ಅಡ್ವಾನ್ಸ್ 40,000 ಅಂತ ಇಟ್ಟುಕೊಳ್ಳಿ. ಮೂರು ದಾರಿ ಇವೆ:

1. ಪ್ರತಿ ತಿಂಗಳು 6,000 ಬಾಡಿಗೆ, ಜೊತೆಗೆ 2,000 ಬಾಕಿ. ಒಂಬತ್ತು ತಿಂಗಳಲ್ಲಿ ತೀರುತ್ತದೆ.
2. ಬಾಕಿಯಲ್ಲಿ 12,000 ಅಡ್ವಾನ್ಸ್‌ನಲ್ಲಿ ಮುರಿದುಕೊಂಡು, ಉಳಿದ 6,000 ಎರಡು ಕಂತು. ಅಡ್ವಾನ್ಸ್ 28,000ಕ್ಕೆ ಇಳಿದದ್ದು ಬರವಣಿಗೆಯಲ್ಲಿ ಇರಬೇಕು.
3. ಬಾಡಿಗೆ ಕಟ್ಟುವುದು ಮುಂದೆಯೂ ಆಗುವ ಮಾತಲ್ಲ ಅನ್ನಿಸಿದರೆ, ಇಂಥ ತಾರೀಖಿಗೆ ಬಿಡುತ್ತೇವೆ, ಬಾಕಿ ಕಳೆದು 22,000 ವಾಪಸ್ ಕೊಡಿ ಅಂತ ಒಪ್ಪಂದ.

ಮೂರನೆಯದನ್ನು ಸೋಲು ಅಂತ ನೋಡುವವರಿದ್ದಾರೆ. ನನ್ನ ಪ್ರಕಾರ ಕೆಲಸ ಹೋಗಿ ಆದಾಯವೇ ನಿಂತಿರುವ ಮನೆಗೆ ಅದೇ ಜಾಣತನ. ಆರು ತಿಂಗಳು ಎಳೆದಾಡಿ ಅಡ್ವಾನ್ಸೂ ಕರಗಿದ ಮೇಲೆ ಬೇರೆ ಮನೆಗೆ ಮುಂಗಡ ಕೊಡಲು ಏನೂ ಉಳಿದಿರುವುದಿಲ್ಲ.

ಮಾತು ಮುಗಿದ ದಿನವೇ ಈ ಥರ ಒಂದು ಮೆಸೇಜ್ ಕಳಿಸಿ:

> “ನಮಸ್ಕಾರ. ಇವತ್ತು ಮಾತಾಡಿದ ಹಾಗೆ ಏಪ್ರಿಲ್, ಮೇ, ಜೂನ್ ತಿಂಗಳ ಬಾಡಿಗೆ ಬಾಕಿ ಒಟ್ಟು 18,000 ರೂ. ಜುಲೈನಿಂದ ಪ್ರತಿ ತಿಂಗಳು 10ನೇ ತಾರೀಖಿನೊಳಗೆ ಬಾಡಿಗೆ 6,000 ಮತ್ತು ಬಾಕಿಗೆ 2,000, ಒಟ್ಟು 8,000 ರೂ. ನಿಮ್ಮ ಇದೇ ನಂಬರಿಗೆ ಹಾಕುತ್ತೇನೆ. ಅಡ್ವಾನ್ಸ್ 40,000 ರೂ. ಹಾಗೇ ಇರುತ್ತದೆ. ಸರಿ ಇದೆ ಅಂತ ಒಂದು ಉತ್ತರ ಕಳಿಸಿ.”

ಬರುವ ‘ಓಕೆ’ ಅನ್ನುವ ಉತ್ತರಕ್ಕೂ ಬೆಲೆ ಇದೆ. ಸಾಧ್ಯವಾದರೆ ಇದನ್ನೇ ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ನಗದು ಕೊಡುವುದಾದರೆ ರಸೀದಿ ಇಲ್ಲದೆ ಒಂದು ರೂಪಾಯಿಯೂ ಬೇಡ. ಯುಪಿಐ ಮಾಡುವಾಗ ಟಿಪ್ಪಣಿಯಲ್ಲಿ ‘ಜುಲೈ ಬಾಡಿಗೆ’ ಅಂತ ಬರೆಯಿರಿ.

ಅಪಾಯದ ಸೂಚನೆ: ಮಾಲೀಕರು ಇದ್ದಕ್ಕಿದ್ದಂತೆ ಬಾಡಿಗೆ ತಗೊಳ್ಳಲು ಒಪ್ಪದಿದ್ದರೆ ಖುಷಿ ಪಡಬೇಡಿ. ಬಾಕಿ ಬೆಳೆಯಲಿ, ಕೇಸಿಗೆ ಕಾರಣ ಸಿಗಲಿ ಅನ್ನುವ ಲೆಕ್ಕ ಅದು. ಬ್ಯಾಂಕ್ ಖಾತೆಗೆ ಹಾಕಿ. ಖಾತೆ ಗೊತ್ತಿಲ್ಲದಿದ್ದರೆ ಅಂಚೆಯಲ್ಲಿ ಮನಿ ಆರ್ಡರ್ ಕಳಿಸಿ. ತಿರಸ್ಕರಿಸಿ ವಾಪಸ್ ಬಂದರೆ ಆ ಚೀಟಿ ಫೈಲಿಗೆ ಸೇರಲಿ. ಕೋರ್ಟಿನಲ್ಲಿ ಠೇವಣಿ ಇಡಬಹುದಾ ಅಂತ ಕಾನೂನು ನೆರವಿನ ವಕೀಲರನ್ನು ಕೇಳಿ. ಆ ದುಡ್ಡನ್ನು ಮಾತ್ರ ಬೇರೆ ಖರ್ಚಿಗೆ ಮುಟ್ಟಬೇಡಿ.

ಇನ್ನೊಂದು: ಖಾಲಿ ಛಾಪಾ ಕಾಗದಕ್ಕೋ, ‘ಇಂಥ ದಿನ ಬಿಡುತ್ತೇನೆ’ ಅಂತ ಮೊದಲೇ ಟೈಪ್ ಮಾಡಿದ ಹಾಳೆಗೋ ಓದದೆ ಸಹಿ ಹಾಕಬೇಡಿ. ಸಹಿ ಹಾಕಿದ ಕಾಗದದ ಫೋಟೋ ಅಲ್ಲೇ ತೆಗೆದುಕೊಳ್ಳಿ.

## ಹಂತ 4: ದುಡ್ಡು ಎಲ್ಲಿಂದ ಬರಬಹುದು

ಬಾಕಿ ಯಾಕೆ ಬಿತ್ತು ಅನ್ನುವುದರ ಮೇಲೆ ಎಲ್ಲಿ ಕೇಳಬೇಕು ಅನ್ನುವುದು ನಿಂತಿದೆ.

ಕಾಯಿಲೆಯಿಂದ ಸಂಬಳ ನಿಂತಿದ್ದರೆ: ಫ್ಯಾಕ್ಟರಿ, ಗಾರ್ಮೆಂಟ್ಸ್ ಕೆಲಸದವರು ಸಂಬಳದ ಚೀಟಿಯಲ್ಲಿ ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಕಡಿತ ಇದೆಯಾ ನೋಡಿ. ಇದ್ದರೆ ಅದು ಆಸ್ಪತ್ರೆಗೆ ಮಾತ್ರ ಅಲ್ಲ. ಇಎಸ್‌ಐ ವೈದ್ಯರು ರಜೆಯ ಪ್ರಮಾಣಪತ್ರ ಕೊಟ್ಟರೆ ದಿನಗೂಲಿಯ 70 ಶೇಕಡಾ ಲೆಕ್ಕದಲ್ಲಿ, ವರ್ಷಕ್ಕೆ 91 ದಿನದವರೆಗೆ ಹಣ ಬರುತ್ತದೆ. ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನದ ವಂತಿಗೆ ಕಟ್ಟಿರಬೇಕು. ಖಾಸಗಿ ಕ್ಲಿನಿಕ್ಕಿನ ಚೀಟಿ ಹಿಡಿದು ಹೋಗಿ ಕೈ ಖಾಲಿ ಬರುವವರೇ ಜಾಸ್ತಿ.

ಪಿಎಫ್ ಇದ್ದರೆ: ಕಾಯಿಲೆಯ ಕಾರಣಕ್ಕೆ ಮುಂಗಡ ತೆಗೆಯಬಹುದು. ಪಿಎಫ್ ಖಾತೆಯ ಯುಎಎನ್ ನಂಬರಿಗೆ ಆಧಾರ್, ಬ್ಯಾಂಕ್ ಖಾತೆ ಸರಿಯಾಗಿ ಜೋಡಿಸಿದ್ದರೆ ಫೋನಿನಲ್ಲೇ ಅರ್ಜಿ ಆಗುತ್ತದೆ. ಆಧಾರಿನ ಹೆಸರಿಗೂ ಪಿಎಫ್ ಹೆಸರಿಗೂ ಒಂದು ಅಕ್ಷರ ವ್ಯತ್ಯಾಸ ಇದ್ದರೂ ತಿರಸ್ಕಾರ ಆಗಬಹುದು. ಅದನ್ನು ಮೊದಲು ಸರಿಮಾಡಿ.

ಕಟ್ಟಡ ಕಾರ್ಮಿಕರು: ಕಲ್ಯಾಣ ಮಂಡಳಿಯ ಕಾರ್ಡ್ ಇದ್ದರೆ ಆಸ್ಪತ್ರೆ ಖರ್ಚು, ಅಪಘಾತ, ಹೆರಿಗೆಗೆ ನೆರವು ಇದೆ. ಬಾಡಿಗೆಗೆ ಅಂತ ಕೊಡುವುದಿಲ್ಲ. ಆದರೆ ಬಾಡಿಗೆ ದುಡ್ಡು ಆಸ್ಪತ್ರೆಗೆ ಹೋಗಿದ್ದರೆ ಅದನ್ನು ಹೀಗೆ ಮರಳಿ ಪಡೆಯುವ ದಾರಿ ಇದು. ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ್ದರೆ ನೋಂದಣಿಗೆ ಅರ್ಹರು.

ಕಾಲೇಜು ಮಕ್ಕಳು: ಹಿಂದುಳಿದ ವರ್ಗದ ವಿದ್ಯಾರ್ಥಿಗೆ ಹಾಸ್ಟೆಲ್ ಸಿಗದೆ ರೂಮಿನಲ್ಲಿದ್ದರೆ ಸರ್ಕಾರದ ವಿದ್ಯಾಸಿರಿ ಯೋಜನೆಯಲ್ಲಿ ಊಟ ಮತ್ತು ವಸತಿ ಹಣ ಇದೆ. ಅರ್ಜಿಯ ಗಡುವು ಮೀರಿದರೆ ಆ ವರ್ಷ ಮುಗಿಯಿತು.

ಗಂಡನ ಹಿಂಸೆಯಿಂದ ಮನೆ ಬಿಡಬೇಕಾದ ಹೆಣ್ಣುಮಕ್ಕಳು: 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ, ಹೆಂಡತಿಗೆ ಬೇರೆ ಮನೆ ಮಾಡಿಕೊಡು ಅಥವಾ ಬಾಡಿಗೆ ಕೊಡು ಅಂತ ಕೋರ್ಟು ಗಂಡನಿಗೆ ಆದೇಶ ಮಾಡಬಹುದು. ಈ ಸಾಲು ಗೊತ್ತಿರುವವರು ಬಹಳ ಕಡಿಮೆ. ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ, ಅಥವಾ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಗೆ ಹೋಗಿ.

ಗೃಹಲಕ್ಷ್ಮಿಯ 2,000 ರೂಪಾಯಿ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಆದರೆ ಆ ಕಂತಿನ ತಾರೀಖು ನಂಬಿ ಮಾಲೀಕರಿಗೆ ಮಾತು ಕೊಡಬೇಡಿ. ಅದು ಬಂದಾಗ ಬಂತು.

ಸಾಲ ಮಾಡಲೇಬೇಕಾದರೆ ಮೊದಲು ಸ್ತ್ರೀಶಕ್ತಿ ಅಥವಾ ಸಂಜೀವಿನಿ ಸಂಘದ ಒಳಸಾಲ. ಆಮೇಲೆ ಬ್ಯಾಂಕು, ಸಹಕಾರ ಸಂಘದಲ್ಲಿ ಚಿನ್ನದ ಸಾಲ. ಮೈಕ್ರೋಫೈನಾನ್ಸ್ ಕೊನೆಗೆ, ಅದೂ ನೋಂದಣಿ ಇದ್ದರೆ ಮಾತ್ರ. ಮೀಟರ್ ಬಡ್ಡಿ ಬೇಡವೇ ಬೇಡ. ಬಾಡಿಗೆ ಬಾಕಿಗೆ ಅದನ್ನು ತರುವುದು ಸೋರುವ ಕೊಡಕ್ಕೆ ಕೆಳಗಿನಿಂದ ಇನ್ನೊಂದು ತೂತು ಮಾಡಿದ ಹಾಗೆ. ಈಗಾಗಲೇ ಸಿಕ್ಕಿಹಾಕಿಕೊಂಡು ಸಾಲದವರು ಮನೆ ಮುಂದೆ ಕೂತು ಕಾಟ ಕೊಡುತ್ತಿದ್ದರೆ, 2025ರಲ್ಲಿ ಬಂದ ಕಿರುಸಾಲ ಕಿರುಕುಳ ತಡೆ ಕಾನೂನು ಇದೆ. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಠಾಣೆಯಲ್ಲಿ ದೂರು ಕೊಡುವಾಗ ಈ ಕಾನೂನಿನ ಹೆಸರು ಹೇಳಿ.

## ಹಂತ 5: ಉಚಿತ ವಕೀಲರನ್ನು ಹಿಡಿಯಿರಿ

ವಕೀಲರ ನೋಟಿಸ್ ಅಥವಾ ಸಮನ್ಸ್ ಬಂದ ವಾರದೊಳಗೆ ಈ ಕೆಲಸ ಆಗಬೇಕು. ತುಮಕೂರಿನವರಿಗೆ ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇದೆ. ತಿಪಟೂರು, ಶಿರಾ, ಮಧುಗಿರಿ, ಕುಣಿಗಲ್ ಕಡೆಯವರು ತಮ್ಮ ತಾಲ್ಲೂಕು ಕೋರ್ಟಿನ ಕಾನೂನು ಸೇವೆಗಳ ಸಮಿತಿಗೆ ಹೋದರೆ ಸಾಕು, ಬಸ್ ಹಿಡಿದು ಜಿಲ್ಲಾ ಕೇಂದ್ರಕ್ಕೆ ಬರಬೇಕಾಗಿಲ್ಲ. ಮೊದಲು ವಿಚಾರಿಸಬೇಕಿದ್ದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ.

ಹೆಂಗಸರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಇವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವು ಸಿಗುತ್ತದೆ. ಉಳಿದವರಿಗೆ ಆದಾಯ ಮಿತಿ ಇದೆ. ಆದ್ದರಿಂದ ಕರಾರು ಹೆಂಡತಿಯ ಹೆಸರಲ್ಲೂ ಇದ್ದರೆ ಅವರ ಹೆಸರಲ್ಲಿ ಅರ್ಜಿ ಹಾಕುವುದು ಸುಲಭ. ಬಿಳಿ ಹಾಳೆಯಲ್ಲಿ, ಕನ್ನಡದಲ್ಲೇ ಬರೆದು ಕೊಡಿ. ಹಂತ 2ರ ಲೆಕ್ಕದ ಹಾಳೆ ಜೊತೆಗಿಡಿ. ಅದೊಂದು ಹಾಳೆ ಇದ್ದರೆ ವಕೀಲರಿಗೆ ಅರ್ಧ ಕೆಲಸ ಮುಗಿದ ಹಾಗೆ.

ಇನ್ನೂ ಕೇಸ್ ಆಗಿಲ್ಲ ಅಂದರೆ, ‘ಕೇಸಿಗೆ ಮುಂಚೆಯೇ ರಾಜಿ ಮಾಡಿಸಿ’ ಅಂತ ಇಲ್ಲೇ ಕೇಳಿಕೊಳ್ಳಬಹುದು. ಅವರೇ ಮಾಲೀಕರನ್ನು ಕರೆಸುತ್ತಾರೆ. ರಾಜಿ ಮಾಡಿಸುವ ಲೋಕ ಅದಾಲತ್‌ನಲ್ಲಿ ಕೋರ್ಟ್ ಶುಲ್ಕ ಇಲ್ಲ. ಆದರೆ ಅಲ್ಲಿ ಸಹಿ ಹಾಕಿದ ರಾಜಿಗೆ ಮೇಲ್ಮನವಿಯೂ ಇಲ್ಲ. ತೀರಿಸಲು ಆಗುವಷ್ಟೇ ಕಂತಿಗೆ ಒಪ್ಪಿ. ಅಲ್ಲಿನ ಉತ್ಸಾಹದಲ್ಲಿ ‘ಎರಡೇ ತಿಂಗಳಲ್ಲಿ ಕಟ್ಟುತ್ತೇನೆ’ ಅಂದವರು ಆಮೇಲೆ ಪರದಾಡುತ್ತಾರೆ.

ಪ್ರಾಧಿಕಾರ ನೇಮಿಸಿದ ವಕೀಲರು ನಿಮ್ಮಿಂದ ದುಡ್ಡು ಕೇಳುವ ಹಾಗಿಲ್ಲ. ಕೇಳಿದರೆ ಅದೇ ಕಚೇರಿಯಲ್ಲಿ ಸದಸ್ಯ ಕಾರ್ಯದರ್ಶಿಗೆ ಬರೆದುಕೊಡಿ.

## ಹಂತ 6: ಸಮನ್ಸ್ ಬಂದ ಮೇಲೆ

ಹೇಳಿದ ತಾರೀಖಿಗೆ ಹೋಗಿ. ಕೂಲಿ ತಪ್ಪುತ್ತದೆ ಅಂತ ಹೋಗದವರೇ ಹೆಚ್ಚಾಗಿ ಮನೆ ಕಳೆದುಕೊಳ್ಳುತ್ತಾರೆ. ನೀವು ಬಾರದಿದ್ದರೆ ಮಾಲೀಕರ ಮಾತು ಒಂದನ್ನೇ ಕೇಳಿ ಏಕಪಕ್ಷೀಯ ತೀರ್ಪು ಆಗುತ್ತದೆ. ಅದನ್ನು ರದ್ದು ಮಾಡಿಸಲು ಅರ್ಜಿಗೆ 30 ದಿನ ಇದೆ. ಆದರೆ ಬಾರದಿದ್ದಕ್ಕೆ ಸರಿಯಾದ ಕಾರಣ ತೋರಿಸಬೇಕು.

ಸಿವಿಲ್ ದಾವೆಯಲ್ಲಿ ಲಿಖಿತ ಉತ್ತರ ಕೊಡಲು ಸಮನ್ಸ್ ಕೈಗೆ ಬಂದು 30 ದಿನ. ಕೋರ್ಟು ಒಪ್ಪಿದರೆ 90 ದಿನದವರೆಗೆ ಹೋಗಬಹುದು. ಕೇಸ್ ನಡೆಯುವಷ್ಟು ದಿನವೂ ಬಾಡಿಗೆ ಕಟ್ಟುತ್ತಲೇ ಇರಿ. ‘ಕೇಸ್ ಮುಗಿಯಲಿ, ಒಟ್ಟಿಗೆ ಕೊಡೋಣ’ ಅನ್ನುವುದು ಕೈಯಾರೆ ಕೇಸ್ ಕೆಡಿಸಿಕೊಂಡ ಹಾಗೆ.

ಬಾಡಿಗೆ ಕಟ್ಟಲಿಲ್ಲ ಅನ್ನುವ ಕಾರಣಕ್ಕೆ ಕರಾರು ರದ್ದಾಗಿ ಕೇಸ್ ಬಿದ್ದಿದ್ದರೆ ಆಸ್ತಿ ವರ್ಗಾವಣೆ ಕಾಯ್ದೆಯ 114ನೇ ಕಲಂ ಬಗ್ಗೆ ವಕೀಲರನ್ನು ಕೇಳಿ. ವಿಚಾರಣೆಯ ಹೊತ್ತಿಗೆ ಪೂರ್ತಿ ಬಾಕಿ, ಬಡ್ಡಿ, ದಾವೆಯ ಖರ್ಚು ಕಟ್ಟಿದರೆ ಮನೆ ಉಳಿಸಿಕೊಡುವ ಅಧಿಕಾರ ಕೋರ್ಟಿಗೆ ಇದೆ. ಕೊಡಲೇಬೇಕು ಅಂತಿಲ್ಲ. ಬರೀ 15 ದಿನದ ನೋಟಿಸ್ ಕೊಟ್ಟು ಬಾಡಿಗೆ ಮುಗಿಸಿದ ಕೇಸಿಗೆ ಇದು ನಡೆಯುವುದೂ ಕಷ್ಟ.

ಭೋಗ್ಯಕ್ಕೆ ಇರುವವರಿಗೆ ಒಂದು ಮಾತು. ಮಾಲೀಕರು ಸಾಲ ಕಟ್ಟದೆ ಮನೆ ಗೋಡೆಗೆ ಬ್ಯಾಂಕಿನ ನೋಟಿಸ್ ಅಂಟಿಸಿದ್ದರೆ ಮಾಲೀಕರ ಸಮಾಧಾನದ ಮಾತು ನಂಬಿ ಕೂರಬೇಡಿ. ಅದರ ದಾರಿ ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಯದು, ಗಡುವು 45 ದಿನ. ನೋಂದಣಿಯಾಗದ ಭೋಗ್ಯಪತ್ರ ಅಲ್ಲಿ ಬಹಳ ದುರ್ಬಲ.

## ಹಂತ 7: ಬೀಗ ಹಾಕಿದರೆ, ಕರೆಂಟ್ ಕಿತ್ತರೆ

ಕೋರ್ಟಿನ ಆದೇಶ ಇಲ್ಲದೆ ಮನೆ ಖಾಲಿ ಮಾಡಿಸುವ ಹಕ್ಕು ಮಾಲೀಕರಿಗೂ ಇಲ್ಲ, ಪೊಲೀಸರಿಗೂ ಇಲ್ಲ. ಆದೇಶ ಇದ್ದರೂ ಅದನ್ನು ಜಾರಿ ಮಾಡಲು ಬರುವುದು ಕೋರ್ಟಿನ ಸಿಬ್ಬಂದಿಯಾದ ಅಮೀನರು.

ಕೆಲಸದಿಂದ ಬರುವಷ್ಟರಲ್ಲಿ ಬೀಗ ಬಿದ್ದಿದ್ದರೆ ಈ ಕ್ರಮದಲ್ಲಿ ನಡೆಯಿರಿ:

1. ಬೀಗ ಒಡೆಯಬೇಡಿ. ಒಡೆದರೆ ಕೇಸ್ ನಿಮ್ಮ ಮೇಲೆ ತಿರುಗುತ್ತದೆ.
2. ಬಾಗಿಲು, ಬೀಗ, ಹೊರಗೆ ಹಾಕಿದ ಸಾಮಾನಿನ ವಿಡಿಯೋ ಮಾಡಿ. ಅಕ್ಕಪಕ್ಕದವರ ಹೆಸರು ಬರೆದುಕೊಳ್ಳಿ.
3. 112ಕ್ಕೆ ಕರೆ ಮಾಡಿ. ಆಮೇಲೆ ಠಾಣೆಗೆ ಹೋಗಿ ಬರೆದ ದೂರು ಕೊಟ್ಟು ಸ್ವೀಕೃತಿ ತಗೊಳ್ಳಿ. ‘ಇದು ಸಿವಿಲ್ ವಿಚಾರ, ಕೋರ್ಟಿಗೆ ಹೋಗಿ’ ಅಂದರೆ ಜಗಳ ಬೇಡ. ಅದನ್ನೇ ಹಿಂಬರಹದಲ್ಲಿ ಬರೆದುಕೊಡಿ ಅಂತ ಕೇಳಿ.
4. ಮರುದಿನ ಬೆಳಗ್ಗೆಯೇ ಕಾನೂನು ಸೇವೆಗಳ ಕಚೇರಿಗೆ ಹೋಗಿ. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಪ್ರಕಾರ, ಕಾನೂನು ಬಿಟ್ಟು ಹೊರಹಾಕಿದ್ದರೆ ಮನೆ ವಾಪಸ್ ಕೇಳಿ ದಾವೆ ಹಾಕಬಹುದು. ಆರು ತಿಂಗಳೊಳಗೆ ಹಾಕಬೇಕು.

ಹೊರಹಾಕಿಸಿಕೊಂಡವರು ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿದ್ದು, ಹೊರಹಾಕಿದವರು ಆ ಸಮುದಾಯದವರಲ್ಲದಿದ್ದರೆ, 1989ರ ದೌರ್ಜನ್ಯ ತಡೆ ಕಾಯ್ದೆಯೂ ಅನ್ವಯಿಸಬಹುದು. ದೂರಿನಲ್ಲಿ ನಿಮ್ಮ ಜಾತಿ ಬರೆದು ಪ್ರಮಾಣಪತ್ರದ ಪ್ರತಿ ಇಡಿ.

ಇನ್ನೂ ಒಳಗೇ ಇದ್ದೀರಿ, ಬೆದರಿಕೆ ಮಾತ್ರ ಇದೆ ಅಂದರೆ ತಡೆಯಾಜ್ಞೆ ಕೇಳಬಹುದು. ನೀರು, ಕರೆಂಟ್ ಕಡಿದರೂ ಇದೇ ದಾರಿ. ಆ ರಾತ್ರಿ ಮಲಗಲು ಜಾಗವೇ ಇಲ್ಲದಿದ್ದರೆ ಪಾಲಿಕೆಯ ನಿರಾಶ್ರಿತರ ಆಶ್ರಯ ಕೇಂದ್ರ ವಿಚಾರಿಸಿ. ಹೆಂಗಸರು ಮಕ್ಕಳಿದ್ದರೆ ಮೊದಲು 181.

## ಹಂತ 8: ಬಿಡಲೇಬೇಕಾದರೆ ಬಿಡುವ ದಿನದ ಕೆಲಸ

ಅಡ್ವಾನ್ಸ್ ಕೈಗೆ ಬಾರದೆ ಕೀಲಿ ಕೊಡಬೇಡಿ. ಎರಡೂ ಒಂದೇ ಹೊತ್ತಿಗೆ ಆಗಲಿ. ಖಾಲಿ ಕೋಣೆ, ನಲ್ಲಿ, ಕಿಟಕಿ, ಮೀಟರ್ ರೀಡಿಂಗ್ ಎಲ್ಲದರ ವಿಡಿಯೋ ಇರಲಿ. ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು ನಮ್ಮ ಕಡೆ ರೂಢಿ. ಕರಾರಿನಲ್ಲಿ ಇದೆಯಾ ನೋಡಿ, ಇಲ್ಲದಿದ್ದರೆ ಚೌಕಾಸಿ ಮಾಡಿ. ‘ಮನೆ ವಶಕ್ಕೆ ಪಡೆದೆ, ಬಾಕಿ ಏನೂ ಇಲ್ಲ’ ಅಂತ ಎರಡು ಸಾಲು ಬರೆಸಿ ಸಹಿ ಹಾಕಿಸಿ.

ಅಡ್ವಾನ್ಸ್ ಕೊಡದೆ ಸತಾಯಿಸಿದರೆ ಸ್ಪೀಡ್ ಪೋಸ್ಟ್‌ನಲ್ಲಿ ನೋಟಿಸ್ ಕಳಿಸಿ. ಕೊಡಬೇಕಾದ ದಿನದಿಂದ ಮೂರು ವರ್ಷದೊಳಗೆ ವಸೂಲಿ ದಾವೆ ಹಾಕಬಹುದು. ಅದಕ್ಕೂ ಮೊದಲು ಹಂತ 5ರ ರಾಜಿ ದಾರಿ ಅಗ್ಗ.

ಹೊಸ ಮನೆಗೆ ಹೋದ ಮೇಲೆ ಹಳೇ ಆರ್‌ಆರ್ ನಂಬರಿನಿಂದ ನಿಮ್ಮ ಆಧಾರ್ ಬಿಡಿಸಿ, ಹೊಸದಕ್ಕೆ ಜೋಡಿಸಿ. ಬಿಡಿಸದಿದ್ದರೆ ಹೊಸ ಮನೆಯ ಗೃಹಜ್ಯೋತಿ ಅರ್ಜಿ ಮುಂದೆ ಹೋಗುವುದಿಲ್ಲ. ರೇಷನ್ ಕಾರ್ಡ್, ಗ್ಯಾಸ್, ಬ್ಯಾಂಕಿನಲ್ಲೂ ವಿಳಾಸ ಬದಲಿಸಿ. ಕೇಸ್ ಇನ್ನೂ ನಡೆಯುತ್ತಿದ್ದರೆ ಹೊಸ ವಿಳಾಸವನ್ನು ವಕೀಲರಿಗೆ ಬರೆದುಕೊಡಿ. ಇಲ್ಲದಿದ್ದರೆ ಬಾಕಿ ವಸೂಲಿಯ ಕಾಗದ ಹಳೇ ಮನೆಯ ಬಾಗಿಲಿಗೆ ಹೋಗುತ್ತದೆ, ನಿಮಗೆ ಗೊತ್ತಾಗುವಷ್ಟರಲ್ಲಿ ಗಡುವು ಮುಗಿದಿರುತ್ತದೆ.